ನಾನು ಆನೆಯ ಹಿಂಗಾಲಾದ ಬೇಸಿಗೆ

ಕನ್ನಡದ ಸಂಬಂಧವಾಚಕಗಳಲ್ಲಿ ‘ಷಡ್ಡಕ’ ಎಂಬುದರಷ್ಟು ಗಡಸು ಪದ ಮತ್ತೊಂದಿಲ್ಲವೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಅಣ್ಣ, ಅಕ್ಕ, ಅತ್ತೆ, ಭಾವ ಎಂಬ ಮಾತುಗಳೆಲ್ಲ ಬಾಯಲ್ಲಿಟ್ಟರೆ ಬೆಲ್ಲದ ಹಾಗೆ ಕರಗುತ್ತವೆ. ಷಡ್ಡಕ ಎಂದರೆ ಮಾತ್ರ ಅನ್ನದ ತುತ್ತಿನಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಹೆಂಡತಿಯ ಅಕ್ಕನನ್ನೋ ತಂಗಿಯನ್ನೋ ಮದುವೆಯಾದ ಪಾಪದ ಮನುಷ್ಯನೊಬ್ಬನನ್ನು ಸೂಚಿಸಲು ಇಷ್ಟು ಭಯಂಕರವಾದ ಶಬ್ದವೊಂದನ್ನು ನಮ್ಮ ಹಿರಿಯರು ಯಾಕೆ ಆರಿಸಿಕೊಂಡರೋ ತಿಳಿಯದು. ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಒಮ್ಮೆ ತರಗತಿಯಲ್ಲಿ ತಮಾಷೆಗೆ ಈ ಪದವನ್ನು ಬಿಡಿಸಿ ಬರೆಯಿರಿ ಎಂದಾಗ ವಿದ್ಯಾರ್ಥಿಯೊಬ್ಬ ಷಟ್ ಮತ್ತು ಅಕ್ಕ ಸೇರಿ ಜಶ್ತ್ವ ಸಂಧಿಯಾಗಿದೆಯೆಂದೂ, ಆರು ಜನ ಅಕ್ಕಂದಿರುಳ್ಳವನು ಎಂಬುದೇ ಅದರ ಅರ್ಥವೆಂದೂ ಬರೆದಿದ್ದ. ವ್ಯಾಕರಣಕ್ಕಲ್ಲದಿದ್ದರೂ ಧೈರ್ಯಕ್ಕಾಗಿ ಅವನಿಗೆ ಅರ್ಧ ಅಂಕ ಕೊಟ್ಟಿದ್ದೆ.

ನನಗಿರುವುದು ಒಬ್ಬರೇ ಷಡ್ಡಕರು. ನನ್ನ ಹೆಂಡತಿ ಸರೋಜಳ ಅಕ್ಕ ಗಿರಿಜಕ್ಕನವರ ಯಜಮಾನರು. ಹೆಸರು ಮಹಾಲಿಂಗಪ್ಪ, ತಿಪಟೂರಿನ ಹಳೆಯ ಕೊಬ್ಬರಿ ವ್ಯಾಪಾರಿಗಳು. ದೇಹ ಹೆಸರಿಗೆ ತಕ್ಕಂತಿದೆ. ಅವರ ಮನೆಗೂ ನಮ್ಮ ಮನೆಗೂ ಎರಡು ಅಡ್ಡರಸ್ತೆಗಳ ದೂರ. ಮದುವೆಯಾದಂದಿನಿಂದ ನಾನು ಅವರನ್ನು ‘ಅಣ್ಣ’ ಎಂದೂ ಅವರು ನನ್ನನ್ನು ‘ಮೇಷ್ಟ್ರೇ’ ಎಂದೂ ಕರೆಯುತ್ತ ಬಂದಿದ್ದೆವು. ಪ್ರತಿ ಬೇಸಿಗೆಯಲ್ಲಿ ಅಕ್ಕತಂಗಿಯರು ಅವರ ಮನೆಯ ತಾರಸಿಯ ಮೇಲೆ ಸಂಡಿಗೆ ಇಡುವುದು, ನಾವಿಬ್ಬರೂ ಒಂದೊಂದು ಛತ್ರಿ ಹಿಡಿದು ಕಾಗೆ ಕಾಯುವುದು, ಕಾಯುವ ನೆಪದಲ್ಲಿ ಹಸಿ ಸಂಡಿಗೆಯ ಕಾಲುಭಾಗವನ್ನು ನಾವೇ ಮುಗಿಸುವುದು ನಡೆದುಕೊಂಡು ಬಂದಿತ್ತು. ನೆತ್ತಿ ಸುಡುವ ಆ ತಾರಸಿಯ ಮೇಲೆ ನಾವು ಆಡದ ಮಾತಿಲ್ಲ.

ಇಂಥ ಸ್ನೇಹ ಮುರಿದದ್ದು ಒಂದು ಹೆಬ್ಬೆಟ್ಟಿನಿಂದ.

ಮೂರು ನಾಲ್ಕು ವರ್ಷಗಳ ಕೆಳಗೆ ಮಹಾಲಿಂಗಪ್ಪನವರು ಮನೆಯ ಮೇಲೆ ಮಹಡಿ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಊರಿಗೆಲ್ಲ ಮನೆಮನೆಗೆ ಹೋಗಿ ಕರೆದರು. ನನಗೆ ಮಾತ್ರ ಆಹ್ವಾನ ಪತ್ರಿಕೆಯ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದರು. ಅದು ಬಂದದ್ದೂ ಗುಲಾಬಿ ಹೂವಿನ ಒಂದು ಶುಭೋದಯಕ್ಕೂ ಮಂಡಿನೋವಿಗೆ ಮನೆಮದ್ದಿನ ಒಂದು ವಿಡಿಯೋಗೂ ನಡುವೆ. ಖುದ್ದು ಷಡ್ಡಕನನ್ನು ಅಕ್ಷತೆ ಕೊಟ್ಟು ಕರೆಯದ ಗೃಹಪ್ರವೇಶ ಎಂಥ ಗೃಹಪ್ರವೇಶ ಎಂದು ನನ್ನ ಸ್ವಾಭಿಮಾನ ಎದ್ದು ಕುಳಿತಿತು. ಉತ್ತರ ಕೊಡದೆ ಇರುವುದು ಅಸಭ್ಯವೆಂದು ಹೆಬ್ಬೆಟ್ಟಿನ ಗುರುತೊಂದನ್ನು ಒತ್ತಿ ಸುಮ್ಮನಾದೆ. ಅದು ಒಪ್ಪಿಗೆಯ ಗುರುತೆಂದು ಜಗತ್ತೆಲ್ಲ ತಿಳಿದಿದ್ದರೂ ಮಹಾಲಿಂಗಪ್ಪನವರು ಮೊಬೈಲಿಗೆ ಹೊಸಬರು. ನಮ್ಮ ಸೀಮೆಯಲ್ಲಿ ಯಾರಿಗಾದರೂ ಹೆಬ್ಬೆಟ್ಟು ತೋರಿಸುವುದೆಂದರೆ ಹೋಗಯ್ಯ, ನಿನಗೇನೂ ಇಲ್ಲ ಎಂದಂತೆ. ‘ಕಾಲೇಜು ಮೇಷ್ಟ್ರು ನಂಗೆ ಹೆಬ್ಬೆಟ್ಟು ತೋರ್ಸವ್ರೆ’ ಎಂದು ಅವರು ಕೊಬ್ಬರಿ ಮಂಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದು ಸಂಜೆಯೊಳಗೆ ನನ್ನ ಕಿವಿಗೆ ಬಿತ್ತು. ನಾನು ಗೃಹಪ್ರವೇಶಕ್ಕೆ ಹೋಗಲಿಲ್ಲ. ಅವರು ಅದಾದ ಮೇಲೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಅಕ್ಕತಂಗಿಯರು ಮಾತು ಬಿಡಲಿಲ್ಲವೆಂಬುದೇ ಸಮಾಧಾನ. ಆದರೆ ಗಂಡಂದಿರ ಮುನಿಸಿನ ಭಾರ ಹೊತ್ತವರು ಅವರೇ. ಬಂಧುಗಳ ಮದುವೆಗೆ ನಾವು ಮುಹೂರ್ತಕ್ಕೆ ಹೋದರೆ ಅವರು ಊಟದ ಹೊತ್ತಿಗೆ ಬರುತ್ತಿದ್ದರು. ಛತ್ರದ ಬಾಗಿಲಲ್ಲಿ ಅಕ್ಕತಂಗಿಯರು ಎರಡು ನಿಮಿಷ ಕೈ ಹಿಡಿದುಕೊಂಡು ನಿಂತು, ನಾವಿಬ್ಬರೂ ಎರಡು ದಿಕ್ಕಿಗೆ ಮುಖ ಮಾಡಿಕೊಂಡು ನಿಂತಿರುವುದನ್ನು ನೋಡಿ ಕೈ ಬಿಡುತ್ತಿದ್ದರು. ತಾರಸಿಯ ಮೇಲೆ ಸಂಡಿಗೆ ಇಡುವುದು ನಿಂತಿತು. ಸರೋಜ ಒಬ್ಬಳೇ ನಮ್ಮ ಮನೆಯ ಸಜ್ಜಾದ ಮೇಲೆ ಒಂದು ಚಾಪೆಯಷ್ಟು ಇಟ್ಟುಕೊಂಡು, ಕರಿದಾಗ ಅಕ್ಕನ ಮನೆಗೆ ಒಂದು ಡಬ್ಬಿ ಕಳಿಸುತ್ತಿದ್ದಳು. ಆ ಡಬ್ಬಿ ಎಂದೂ ಖಾಲಿ ಬರುತ್ತಿರಲಿಲ್ಲ. ನನ್ನನ್ನು ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ನನಗೂ ಸುಲಭವಾಗುತ್ತಿತ್ತು.

ಹೀಗಿರುವಾಗ ಈ ಸಲದ ಬೇಸಿಗೆ ಬಂತು. ತಿಪಟೂರಿನ ಬೇಸಿಗೆ ಬಿಸಿಲಿನಿಂದಲ್ಲ, ಬ್ಯಾನರುಗಳಿಂದ ಶುರುವಾಗುತ್ತದೆ. ಚಿತ್ರಕಲೆ, ಯೋಗ, ಕರಾಟೆ, ಭರತನಾಟ್ಯ, ಅಬ್ಯಾಕಸ್, ಜನಪದ ಗೀತೆ ಎಂದು ಒಂದೊಂದು ವಿದ್ಯುತ್ ಕಂಬವೂ ಒಂದೊಂದು ವಿಶ್ವವಿದ್ಯಾಲಯವಾಗುತ್ತದೆ. ಸಂಜೆಯಾದರೆ ಒಂದು ಬಯಲಿನಲ್ಲಿ ಹಾಡು, ಇನ್ನೊಂದು ಬಯಲಿನಲ್ಲಿ ಕುಣಿತ, ಬೀದಿಯವರೆಲ್ಲ ಸೇರಿ ನಡೆಸುವ ಕ್ರಿಕೆಟ್ಟು, ಅದಕ್ಕೆ ಮೈಕಿನಲ್ಲಿ ವೀಕ್ಷಕ ವಿವರಣೆ. ಮಧ್ಯೆ ಎಲ್ಲೋ ಒಂದು ನಾಮಕರಣದ ಶಾಮಿಯಾನ. ಹಾಸನದಲ್ಲಿರುವ ನನ್ನ ಮಗಳು ತನ್ನ ಮಗಳು ಇಂಚರಳನ್ನು ರಜೆಗೆ ನಮ್ಮಲ್ಲಿ ಬಿಟ್ಟು ಹೋದಳು. ಎಂಟು ವರ್ಷದ ಈ ಹುಡುಗಿಯನ್ನು ಮನೆಯೊಳಗೆ ಹಿಡಿದಿಡುವುದು ನನ್ನಿಂದ ಆಗದ ಕೆಲಸವಾದ್ದರಿಂದ ನಸೀಮಾ ನಡೆಸುವ ಮಕ್ಕಳ ನಾಟಕ ಶಿಬಿರಕ್ಕೆ ಸೇರಿಸಿದೆ.

ನಸೀಮಾ ನನ್ನ ವಿದ್ಯಾರ್ಥಿನಿ. ಪೇಟೆಯ ಟೈಲರ್ ಅಫ್ಜಲ್ ಸಾಹೇಬರ ಮಗಳು. ಮೈಸೂರಿನಲ್ಲಿ ನಾಟಕ ಕಲಿತು ಬಂದು ಬೇಸಿಗೆಯಲ್ಲಿ ಊರ ಮಕ್ಕಳನ್ನೆಲ್ಲ ಶಾಲೆಯೊಂದರ ಅಂಗಳದಲ್ಲಿ ಕಲೆಹಾಕುತ್ತಾಳೆ. ಅವಳ ಶಿಬಿರದಲ್ಲಿ ನಾಟಕವನ್ನು ಮಕ್ಕಳೇ ಕಟ್ಟಬೇಕು. ಈ ವರ್ಷ ಅವರು ಕಟ್ಟಿದ ಕಥೆ ಹೀಗಿತ್ತು: ಕಾಡಿನಿಂದ ದಾರಿ ತಪ್ಪಿದ ಆನೆಯೊಂದು ಬಾಯಾರಿ ನಮ್ಮೂರಿಗೆ ಬರುತ್ತದೆ. ಒಬ್ಬೊಬ್ಬ ದೊಡ್ಡ ಮನುಷ್ಯನೂ ಅದನ್ನು ನೋಡಿ ತನಗೇನು ಉಪಯೋಗವೆಂದು ಯೋಚಿಸುತ್ತಾನೆಯೇ ಹೊರತು ಅದಕ್ಕೆ ನೀರು ಕೊಡುವುದಿಲ್ಲ. ಕೊನೆಗೆ ಮಕ್ಕಳು ಅದನ್ನು ಕೆರೆಗೆ ಕರೆದುಕೊಂಡು ಹೋಗುತ್ತಾರೆ. ಕೆರೆಯ ದಾರಿ ತೋರಿಸುವ ಹುಡುಗಿಯ ಪಾತ್ರ ಇಂಚರಳದು. ತಹಸೀಲ್ದಾರರ ಪಾತ್ರ ಮಹಾಲಿಂಗಪ್ಪನವರ ಮೊಮ್ಮಗ ತೇಜುವಿನದು. ತಾತಂದಿರ ಮುನಿಸು ಮೊಮ್ಮಕ್ಕಳಿಗೆ ಅಂಟಿರಲಿಲ್ಲ. ಮೊದಲ ದಿನವೇ ಅವರು ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದಿದ್ದರು.

ಆನೆಯಾಗಲು ಚಿಕ್ಕನಾಯಕನಹಳ್ಳಿ ಕಡೆಯ ಹಟ್ಟಿಯೊಂದರಿಂದ ಕಾಲೇಜಿಗೆ ಬರುತ್ತಿದ್ದ ಅಣ್ಣತಮ್ಮಂದಿರು ಒಪ್ಪಿಕೊಂಡಿದ್ದರು. ಕುರಿ ಕಾಯ್ದು ಗಟ್ಟಿಯಾದ ಕಾಲುಗಳು; ನಸೀಮಾ ನಿಶ್ಚಿಂತಳಾಗಿದ್ದಳು. ಪ್ರದರ್ಶನಕ್ಕೆ ಒಂದು ವಾರವಿದೆ ಎನ್ನುವಾಗ ಅಣ್ಣನಿಗೆ ಮೈಮೇಲೆ ಅಮ್ಮ ಎದ್ದಿತು; ಮಾರನೆಯ ದಿನ ತಮ್ಮನಿಗೂ. ಆನೆ ಮುಂದಿನಿಂದಲೂ ಹಿಂದಿನಿಂದಲೂ ಏಕಕಾಲಕ್ಕೆ ಮಲಗಿಬಿಟ್ಟಿತು.

ಮಾರನೆಯ ಸಂಜೆ ನಸೀಮಾ ನಮ್ಮ ಮನೆಗೆ ಬಂದು, ಸರೋಜ ಕೊಟ್ಟ ಪಾನಕ ಕುಡಿದು, ಮಕ್ಕಳ ನಾಟಕಕ್ಕೆ ದೊಡ್ಡವರೊಬ್ಬರು ಬೇಕಾಗಿದೆಯೆಂದೂ ಮಾತೇ ಇಲ್ಲದ ಪಾತ್ರವೆಂದೂ ಹೇಳಿದಳು. ಮಾತಿಲ್ಲದ ಪಾತ್ರಕ್ಕೆ ಮಾತಿನಲ್ಲೇ ಬದುಕಿದ ಮೇಷ್ಟರನ್ನು ಕರೆಯುವುದರ ವಿನೋದವನ್ನು ಮೆಚ್ಚಿಕೊಳ್ಳುವ ಆತುರದಲ್ಲಿ ಉಳಿದ ವಿವರಗಳನ್ನು ಕೇಳುವುದು ನನಗೆ ಹೊಳೆಯಲಿಲ್ಲ. ಒಪ್ಪಿಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದದ್ದು ಯಾಕೆಂಬುದು ಆಮೇಲೆ ತಿಳಿಯಿತು.

ಅಳತೆ ಕೊಡಲು ಅಫ್ಜಲ್ ಸಾಹೇಬರ ಅಂಗಡಿಗೆ ಹೋದಾಗ ಅಲ್ಲಿ ಸ್ಟೂಲಿನ ಮೇಲೆ ಮಹಾಲಿಂಗಪ್ಪನವರು ಕುಳಿತಿದ್ದರು. ನಾನು ಮೆಟ್ಟಿಲ ಮೇಲೆಯೇ ನಿಂತೆ. ಅವರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಇಬ್ಬರನ್ನೂ ಕಂಡು ಅಫ್ಜಲ್ ಸಾಹೇಬರು ಟೇಪು ಕೊರಳಿಗೆ ಹಾಕಿಕೊಂಡು ಎದ್ದು ಬಂದರು.

“ಇಬ್ರೂ ಒಂದ್ಸಾರಿ ಒಟ್ಗೆ ನಿಂತ್ಕೊಳ್ಳಿ ಸಾರ್,” ಎಂದರು. “ಇದು ಬೇರೆಬೇರೆ ಅಳತೆ ಅಲ್ಲ. ಒಂದೇ ಬಟ್ಟೆ.”

ನನಗೆ ಆಗ ವಿಷಯ ಹೊಳೆಯಿತು, ಮಹಾಲಿಂಗಪ್ಪನವರಿಗೂ ಹೊಳೆಯಿತು. ಹಿಂದಿರುಗಿ ಹೋಗಿಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಇಂಚರ, ತೇಜು ಇಬ್ಬರೂ ಎಲ್ಲಿದ್ದರೋ ಓಡಿ ಬಂದು, ನಮ್ಮ ತಾತಂದಿರು ಆನೆಯಾಗುತ್ತಾರೆಂದು ಅಂಗಡಿಯ ಮುಂದೆ ಹೋಗುವವರಿಗೆಲ್ಲ ಕೂಗಿ ಹೇಳತೊಡಗಿದರು. ಆ ಹೊತ್ತಿನಲ್ಲಿ ನಾನು ಆಗುವುದಿಲ್ಲ ಎನ್ನಬೇಕಾದರೆ ನನ್ನ ಮೊಮ್ಮಗಳ ಮುಖ ನೋಡಿಕೊಂಡು ಅನ್ನಬೇಕಿತ್ತು. ಅವರಿಗೂ ಹಾಗೆಯೇ ಆಗಿರಬೇಕು. ಅಫ್ಜಲ್ ಸಾಹೇಬರು ಮಹಾಲಿಂಗಪ್ಪನವರ ಭುಜದಿಂದ ನನ್ನ ಸೊಂಟದವರೆಗೆ ಟೇಪು ಎಳೆದರು. ಆಮೇಲೆ ಸಹಜವೆಂಬಂತೆ, “ಮೇಷ್ಟ್ರು ಹಿಂದೆ ಅಲ್ವಾ?” ಎಂದು ಕೇಳಿದರು.

ಆನೆಯ ಮುಂಭಾಗ, ಹಿಂಭಾಗಗಳ ಹಂಚಿಕೆ ನಾನು ಅಂದುಕೊಂಡದ್ದಕ್ಕಿಂತ ನಾಜೂಕಿನ ವಿಷಯ. ಮುಂದಿನವನಿಗೆ ಸೊಂಡಿಲಿದೆ, ಕಿವಿಯಿದೆ, ನೋಡಲು ಎರಡು ಕಿಂಡಿಗಳಿವೆ, ನೆಟ್ಟಗೆ ನಿಲ್ಲುವ ಗೌರವವಿದೆ. ಹಿಂದಿನವನು ಬೆನ್ನು ಬಗ್ಗಿಸಿ, ಮುಂದಿನವನ ಸೊಂಟ ಹಿಡಿದು, ಕತ್ತಲಲ್ಲಿ ನಡೆಯಬೇಕು. ಅವನ ಸ್ವಂತ ಆಸ್ತಿಯೆಂದರೆ ಬಾಲವೊಂದೇ. ಇಷ್ಟೆಲ್ಲ ಯೋಚಿಸಿ ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ನಸೀಮಾ, ಮಹಾಲಿಂಗಪ್ಪನವರಿಗೆ ಮಂಡಿನೋವಿದೆ, ಬಗ್ಗಿ ನಡೆಯಲು ಆಗದು ಎಂದು ತೀರ್ಮಾನ ಕೊಟ್ಟಳು. ಬಂಡಿಗಟ್ಟಲೆ ವಿಮರ್ಶೆ ಓದಿದ ಈ ತಲೆಯನ್ನು ಕೊಬ್ಬರಿ ವ್ಯಾಪಾರಿಯ ಬೆನ್ನಿಗೆ ಒತ್ತಿಕೊಂಡು ನಡೆಯುವುದು ನನ್ನ ಹಣೆಯಲ್ಲಿ ಬರೆದಿತ್ತು.

ಮೊದಲ ಅಭ್ಯಾಸದ ದಿನ ಹಳೆಯ ಬೆಡ್‌ಶೀಟೊಂದನ್ನು ನಮ್ಮಿಬ್ಬರ ಮೇಲೆ ಹೊದಿಸಿದರು. ನಾನು ಅವರ ಸೊಂಟವನ್ನು ಹಿಡಿಯಬೇಕಿತ್ತು. ಹಿಡಿಯದೆ, ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಚಿವುಟಿಕೊಂಡಂತೆ ಹಿಡಿದೆ. ಅವರು ಬಲಗಾಲು ಮುಂದಿಟ್ಟರು, ನಾನು ಎಡಗಾಲು. ನಾಲ್ಕು ಹೆಜ್ಜೆಗೆ ನನ್ನ ಹಣೆ ಅವರ ಬೆನ್ನಿಗೆ ಬಡಿಯಿತು. ಮತ್ತೆ ಶುರು, ಮತ್ತೆ ಡಿಕ್ಕಿ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಸೀಮಾ ಸಹನೆಯಿಂದ, ಮುಂದಿನವರು ಹೇಳದಿದ್ದರೆ ಹಿಂದಿನವರಿಗೆ ತಿಳಿಯುವುದು ಹೇಗೆ, ಇಬ್ಬರೂ ಮಾತಾಡಿಕೊಳ್ಳಬೇಕು ಸಾರ್ ಎಂದಳು. ಆಮೇಲೆ ಮೂರು ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಷಡ್ಡಕರ ಧ್ವನಿ ನನ್ನನ್ನು ಉದ್ದೇಶಿಸಿ ಬಂತು.

“ಎಡಗಾಲು ಮೊದ್ಲು.”

“ಸರಿ,” ಎಂದೆ.

ಆ ದಿನಕ್ಕೆ ನಮ್ಮ ಸಂಭಾಷಣೆ ಅಷ್ಟೇ. ಆದರೆ ಆನೆ ಅಂಗಳದ ಆ ತುದಿಯವರೆಗೆ ನಡೆಯಿತು.

ಉಳಿದ ದಿನಗಳ ಅಭ್ಯಾಸ ಮಹಾಲಿಂಗಪ್ಪನವರ ಕೊಬ್ಬರಿ ಗೋದಾಮಿನಲ್ಲಿ ನಡೆಯಿತು. ಶಾಲೆಯ ಅಂಗಳದಲ್ಲಿ ಬಿಸಿಲು ಹೆಚ್ಚೆಂಬುದು ನಸೀಮಾ ಹೇಳಿದ ಕಾರಣ. ಅದರ ಹಿಂದೆ ಅಕ್ಕತಂಗಿಯರ ಕೈವಾಡ ಇತ್ತೆಂಬುದು ನನ್ನ ಅನುಮಾನ. ಕೊಬ್ಬರಿಯ ಸಿಹಿಯಾದ ಘಮ ತುಂಬಿದ ಆ ಉದ್ದನೆಯ ಕೋಣೆಯಲ್ಲಿ ಆನೆ ಹಿಂದೆ ಮುಂದೆ ಓಡಾಡಿತು. ಇಷ್ಟರಲ್ಲಿ ಅಫ್ಜಲ್ ಸಾಹೇಬರು ಬೂದುಬಣ್ಣದ ಬಟ್ಟೆಯಲ್ಲಿ ಆನೆಯ ಮೈ ಹೊಲಿದು ತಂದಿದ್ದರು. ಕಿವಿಗೆ ಎರಡು ಹಳೆಯ ಮೊರ, ಸೊಂಡಿಲಿಗೆ ವಾಷಿಂಗ್ ಮೆಷಿನ್ನಿನ ಕೊಳವೆ, ಬಾಲಕ್ಕೆ ತೆಂಗಿನ ನಾರಿನ ಹುರಿ. ಸೊಂಡಿಲಿನೊಳಗೆ ಕೈ ತೂರಿಸಿ ಅದನ್ನು ಆಡಿಸುವುದನ್ನು ಮಹಾಲಿಂಗಪ್ಪನವರು ಒಂದೇ ಮಧ್ಯಾಹ್ನದಲ್ಲಿ ಕಲಿತರು. ನನಗೂ ಸ್ಪರ್ಧೆ ಹುಟ್ಟಿ ಬಾಲವನ್ನು ನೊಣ ಓಡಿಸುವ ಹಾಗೆ ಬೀಸುವುದನ್ನು ರೂಢಿಸಿಕೊಂಡೆ. ಮಜ್ಜಿಗೆ ತಂದ ಗಿರಿಜಕ್ಕ ಬಾಗಿಲಲ್ಲೇ ನಿಂತು ನಗುತ್ತ ನಗುತ್ತ ಮಜ್ಜಿಗೆಯ ತಂಬಿಗೆಯನ್ನು ಕೆಳಗಿಟ್ಟು ಕುಳಿತುಬಿಟ್ಟರು. ಅವರ ಹಿಂದೆಯೇ ಬಂದ ಸರೋಜಳೂ ಕುಳಿತಳು. ಕಣ್ಣೊರೆಸಿಕೊಂಡು ನಗುವ ಅಕ್ಕತಂಗಿಯರನ್ನು ಕಿಂಡಿಯಿಂದ ನೋಡಿದ ಮಹಾಲಿಂಗಪ್ಪನವರು ನನಗೆ, “ಇಬ್ರೂ ನಗ್ತಾವ್ರೆ,” ಎಂದು ವರದಿ ಮಾಡಿದರು. ನನಗೆ ಕಾಣುತ್ತಿರಲಿಲ್ಲವಲ್ಲ, ಅದಕ್ಕೆ. ಆ ಸೌಜನ್ಯ ನನ್ನ ಮನಸ್ಸಿನಲ್ಲಿ ಉಳಿಯಿತು.

ಪ್ರದರ್ಶನದ ಸಂಜೆ ಶಾಲೆಯ ಬಯಲಿನಲ್ಲಿ ಊರಿಗೆ ಊರೇ ಸೇರಿತ್ತು. ಮಕ್ಕಳ ಚಿತ್ರಗಳನ್ನು ದಾರದಲ್ಲಿ ನೇತುಹಾಕಿದ್ದರು. ಕಡಲೆಕಾಯಿ, ಐಸ್‌ಕ್ಯಾಂಡಿಯವರು ಬಂದಿದ್ದರು. ತುರುವೇಕೆರೆಯಿಂದ ನಮ್ಮ ಅತ್ತೆಯವರನ್ನು ಕಾರಿನಲ್ಲಿ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವರ ಒಂದು ಕಡೆ ಗಿರಿಜಕ್ಕ, ಇನ್ನೊಂದು ಕಡೆ ಸರೋಜ. ಅಳಿಯಂದಿರಿಬ್ಬರೂ ಯಾಕೆ ಕಾಣುತ್ತಿಲ್ಲವೆಂದು ಅವರು ಕೇಳುತ್ತಿದ್ದರಂತೆ. ಅಳಿಯಂದಿರಿಬ್ಬರೂ ವೇದಿಕೆಯ ಹಿಂದೆ, ಆನೆಯೊಳಗೆ, ಬೆವರಿನಲ್ಲಿ ನೆನೆದು ನಿಂತಿದ್ದೆವು. ನಸೀಮಾ ನಮ್ಮನ್ನು ಬೇಗನೆ ಸಜ್ಜುಗೊಳಿಸಿ ನಿಲ್ಲಿಸಿದ್ದಳು. ಆದರೆ ಮುಖ್ಯ ಅತಿಥಿಗಳು ಭಾಷಣ ಆರಂಭಿಸಿದರು. ಅವರು ಮಕ್ಕಳಿಂದ ಹೊರಟು ಸಂಸ್ಕೃತಿಗೆ ಬಂದು, ಸಂಸ್ಕೃತಿಯಿಂದ ತೆಂಗಿಗೆ ಹೋಗಿ, ತೆಂಗಿನಿಂದ ಮತ್ತೆ ಮಕ್ಕಳಿಗೆ ಬರುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ.

“ಕೂತ್ಕೊಳಿ ಮೇಷ್ಟ್ರೇ, ನಾನೂ ಕೂತ್ಕೊತೀನಿ,” ಎಂದರು ಮಹಾಲಿಂಗಪ್ಪನವರು. ಆನೆ ಮಡಚಿಕೊಂಡು ನೆಲದ ಮೇಲೆ ಕುಳಿತಿತು. ಒಳಗೆ ಬೂದು ಕತ್ತಲು, ಹೊಸ ಬಟ್ಟೆಯ ವಾಸನೆ. ಮುಖ ಕಾಣದ ಜಾಗದಲ್ಲಿ ಮಾತು ಸುಲಭವಾಗುತ್ತದೆಯೋ ಏನೋ, ಸ್ವಲ್ಪ ಹೊತ್ತಿಗೆ ಅವರು ಹಿಂದಿರುಗಿ ನೋಡದೆಯೇ ಕೇಳಿದರು.

“ಆವತ್ತು ಹೆಬ್ಬೆಟ್ಟು ಯಾಕ್ ತೋರ್ಸಿದ್ರಿ?”

ಅದು ಸರಿ, ಆಗಲಿ ಎಂಬ ಗುರುತು ಎಂದು ನಾನು ವಿವರಿಸಿದೆ. ಗೊತ್ತು ಎಂದರು, ತೇಜು ಹೇಳಿಕೊಟ್ಟನಂತೆ, ಆದರೆ ಅವನು ಹೇಳಿಕೊಡುವಷ್ಟರಲ್ಲಿ ವರ್ಷ ಕಳೆದು, ಸಿಟ್ಟಿಗೆ ಕಾರಣ ಹೋದರೂ ಸಿಟ್ಟು ಹಾಗೇ ಉಳಿದುಬಿಟ್ಟಿತ್ತಂತೆ. ಹಾಗಾದರೆ ನನ್ನ ಪ್ರಶ್ನೆಯನ್ನೂ ಕೇಳಿಬಿಡೋಣವೆಂದು, ಊರವರ ಮನೆಗೆಲ್ಲ ಹೋಗಿ ಕರೆದವರು ನಮ್ಮ ಮನೆಗೆ ಯಾಕೆ ಬರಲಿಲ್ಲವೆಂದು ಕೇಳಿದೆ. ಅವರು ಸೊಂಡಿಲಿನ ಕೊಳವೆಯನ್ನು ಒಮ್ಮೆ ತಿರುವಿದರು.

“ಹೊರಗಿನೋರ್ನ ಕರೀದಿದ್ರೆ ಬರಲ್ಲ, ಅದಕ್ಕೆ ಹೋಗಿ ಕರ್ದೆ,” ಎಂದರು. “ನೀವ್ ನಮ್ಮೋರು ಕಣ್ರೀ. ನಿಮ್ಮನ್ನೂ ಹಂಗೇ ಕರೀಬೇಕು ಅಂತ ನಂಗೆ ಹೊಳೀಲೇ ಇಲ್ಲ. ನಾಲ್ಕು ದಿನ ಮುಂಚೆನೇ ಬಂದು ಚಪ್ಪರದ ಕೆಲ್ಸ ನೋಡ್ಕೊತೀರಿ ಅಂತ ಕಾಯ್ತಿದ್ದೆ.”

ಕರೆಯದೆ ಇದ್ದದ್ದು ತಾತ್ಸಾರವೆಂದು ನಾನು ಲೆಕ್ಕ ಹಾಕಿ ಕುಳಿತಿದ್ದಾಗ ಇವರು ಚಪ್ಪರದಲ್ಲಿ ನನ್ನ ದಾರಿ ನೋಡುತ್ತಿದ್ದರೆಂಬ ಚಿತ್ರ ಎದೆಯೊಳಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಹೊರಗೆ ಚಪ್ಪಾಳೆ, ತಮಟೆಯ ಸದ್ದು. ನಸೀಮಾ ಆನೆಯ ಬೆನ್ನು ತಟ್ಟಿ, ಏಳಿ ಸಾರ್ ಎಂದಳು. ನಾನು ಎಡಗಾಲು ಮೊದಲು ಇಟ್ಟೆ.

ಆನೆ ವೇದಿಕೆಗೆ ಬಂದಾಗ ಬಯಲಿನಲ್ಲೆದ್ದ ಕೂಗು ನನ್ನ ಜೀವಮಾನದಲ್ಲಿ ನಾನು ಗಳಿಸಿದ ಅತಿ ದೊಡ್ಡ ಮೆಚ್ಚುಗೆ. ನನ್ನ ಮುಖ ಯಾರಿಗೂ ಕಾಣದಿದ್ದುದರಿಂದ ಅದು ಇನ್ನಷ್ಟು ನಿರ್ಮಲವಾಗಿತ್ತು. ವ್ಯಾಪಾರಿಯ ಪಾತ್ರದ ಹುಡುಗ ಆನೆಯ ಬೆನ್ನಿನ ಮೇಲೆ ಜಾಹೀರಾತು ಅಂಟಿಸಲು ನೋಡಿದ. ತಹಸೀಲ್ದಾರ್ ತೇಜು ಆನೆಗೆ ಆಧಾರ್ ಕಾರ್ಡ್ ಕೇಳಿದ. ಸೊಂಡಿಲು ಅವನ ಟೋಪಿ ಹಾರಿಸಿತು. ಎಲ್ಲವೂ ಸೊಗಸಾಗಿ ಸಾಗುತ್ತಿದ್ದಾಗ ಆನೆ ಕೆರೆಯ ದಾರಿಗೆ ತಿರುಗಬೇಕಾದ ಗಳಿಗೆ ಬಂತು. ಮಹಾಲಿಂಗಪ್ಪನವರು ಉತ್ಸಾಹದಲ್ಲಿ ರಭಸವಾಗಿ ಹೆಜ್ಜೆ ಹಾಕಿದರು. ನಾನು ನೆಲಕ್ಕೆ ಇಳಿಬಿದ್ದಿದ್ದ ಬಟ್ಟೆಯ ಅಂಚನ್ನು ತುಳಿದುಕೊಂಡು ನಿಂತಿದ್ದೆ. ಪರ್ ಎಂಬ ಸದ್ದಾಯಿತು. ಒಮ್ಮೆಲೇ ನನ್ನ ಮುಖಕ್ಕೆ ಬೆಳಕೂ ಗಾಳಿಯೂ ಬಡಿದವು.

ಆನೆ ಎರಡಾಗಿತ್ತು. ಎರಡು ಕಾಲಿನ, ಸೊಂಡಿಲುಳ್ಳ ಮುಂಭಾಗ ಏನೂ ಅರಿಯದೆ ಠೀವಿಯಿಂದ ವೇದಿಕೆಯ ಆ ತುದಿಗೆ ನಡೆದುಹೋಗುತ್ತಿತ್ತು. ಈ ತುದಿಯಲ್ಲಿ ಬೂದು ಪೈಜಾಮ, ಬೆವರಿನ ಬನಿಯನ್ನು, ಒಂದು ಬಾಲ ಇವುಗಳೊಂದಿಗೆ ನಾನು ಗಾಳಿಯನ್ನೇ ತಬ್ಬಿಕೊಂಡು ಬಗ್ಗಿ ನಿಂತಿದ್ದೆ. ಮುಂದೆ ನೂರಾರು ಮುಖಗಳು. ಅವುಗಳಲ್ಲಿ ಅರ್ಧದಷ್ಟಾದರೂ ನನ್ನಿಂದ ಛಂದಸ್ಸು ಕಲಿತವು. ಬಯಲೆಲ್ಲ ನಗೆ. ಮಕ್ಕಳು ಗಾಬರಿಯಾಗಿ ಮಾತು ಮರೆತು ನಿಂತರು. ಇಂಚರಳ ಕೆಳತುಟಿ ನಡುಗುತ್ತಿತ್ತು. ತಾವೇ ಕಟ್ಟಿದ ನಾಟಕ ಕಣ್ಣೆದುರಿಗೇ ಕುಸಿಯುತ್ತಿರುವುದು ಅವಳಿಗೆ ತಿಳಿದಿತ್ತು. ನನಗೂ ತಿಳಿದಿತ್ತು, ಆದರೆ ಹಿಂಗಾಲಿಗೆ ಮಾತಿಲ್ಲ, ಏನು ಮಾಡಬೇಕೆಂದು ತೋಚಲಿಲ್ಲ.

ಮುಂಭಾಗ ನಿಂತಿತು. ಮೊರದ ಕಿವಿಗಳು ಅಲ್ಲಾಡಿದವು. ಅದು ನಿಧಾನವಾಗಿ ತಿರುಗಿ ನನ್ನನ್ನು ನೋಡಿತು. ಆಮೇಲೆ, ನೋಯುವ ಮಂಡಿಯನ್ನು ಎಳೆದುಕೊಂಡು ವೇದಿಕೆಯ ಅಷ್ಟೂ ಉದ್ದ ಹಿಂದಕ್ಕೆ ನಡೆದು ಬಂದು ನನ್ನ ಮುಂದೆ ನಿಂತು, ಸೊಂಡಿಲನ್ನು ಎದೆಗೆ ಮಡಚಿ ಬಗ್ಗಿತು. ನಾಟಕದಲ್ಲಿ ಆನೆಗೆ ಮಾತಿರಲಿಲ್ಲ. ಆದರೂ ಆನೆ ಮಾತಾಡಿತು. ಕೊಬ್ಬರಿ ಮಂಡಿಯಲ್ಲಿ ಪಳಗಿದ ಆ ಕಂಠಕ್ಕೆ ಮೈಕು ಬೇಕಿರಲಿಲ್ಲ.

“ಮೇಷ್ಟ್ರೇ, ನಾನೇ ಖುದ್ದಾಗಿ ಕರ್ಯಕ್ ಬಂದಿದೀನಿ. ನೀವಿಲ್ದೆ ಈ ಆನೆ ನಡ್ಯಲ್ಲ. ದಯಮಾಡಿಸ್ಬೇಕು.”

ನಗುತ್ತಿದ್ದವರೆಲ್ಲ ಕತ್ತು ಮುಂದೆ ಚಾಚಿದರು. ನಮ್ಮಿಬ್ಬರ ಮುನಿಸು ತಿಪಟೂರಿನಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಜೀವನವಿಡೀ ಶಿಷ್ಟ ಭಾಷೆಯನ್ನು ಬೋಧಿಸಿದ, ಮಕ್ಕಳು ‘ಬತ್ತೀನಿ’ ಎಂದರೆ ನಿಲ್ಲಿಸಿ ‘ಬರುತ್ತೇನೆ’ ಎನ್ನಿಸಿದ ನಾನು ನೆಟ್ಟಗೆ ನಿಂತು, ಬಾಯಿಗೆ ಬಂದದ್ದನ್ನು ಹೇಳಿದೆ.

“ಬತ್ತೀನಿ ನಡಿಯಣ್ಣ.”

ಆಗ ಎದ್ದ ಚಪ್ಪಾಳೆಯ ನಡುವೆ ನಸೀಮಾ ಓಡಿ ಬಂದು ತನ್ನ ದುಪಟ್ಟಾದಿಂದ ಆನೆಯ ಎರಡು ತುಂಡನ್ನೂ ಗಂಟು ಹಾಕಿದಳು. ನಾನು ಮಹಾಲಿಂಗಪ್ಪನವರ ಸೊಂಟವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಇಂಚರ ಕಣ್ಣೊರೆಸಿಕೊಂಡು, ಮರೆತ ಮಾತನ್ನು ಬಿಟ್ಟು ತನ್ನದೇ ಮಾತು ಸೇರಿಸಿ, ಆನೆಗೆ ಬಾಯಾರಿಕೆ ಎಷ್ಟಾಗಿದೆಯೆಂದರೆ ಮುರಿದೇ ಹೋಗಿತ್ತು, ಬೇಗ ಬನ್ನಿ ಎಂದು ಮಕ್ಕಳನ್ನೆಲ್ಲ ಕೂಗಿದಳು. ನೀಲಿ ಸೀರೆಗಳಿಂದ ಮಾಡಿದ ಕೆರೆಯೊಳಗೆ ಹಡಗಿನಂತೆ ನಾವು ಇಳಿದೆವು. ಮುಂದಿನ ಸಾಲಿನಲ್ಲಿ ನಮ್ಮ ಅತ್ತೆಯವರು, ಎರಡನೆಯ ಅಳಿಯ ಸ್ವಲ್ಪ ಸೊರಗಿ ಹೋಗಿದ್ದಾರೆಂದು ಸರೋಜಳಿಗೆ ಹೇಳಿದರಂತೆ.

ವೇಷ ಕಳಚಿ ಹೊರಗೆ ಬಂದಾಗ ಅಕ್ಕತಂಗಿಯರು ಬಯಲಿನಲ್ಲಿರಲಿಲ್ಲ. ನಮಗಾಗಿ ಕಾಯದೆ ತಾಯಿಯನ್ನೂ ಮಕ್ಕಳನ್ನೂ ಕರೆದುಕೊಂಡು ಮಹಾಲಿಂಗಪ್ಪನವರ ಮನೆಗೆ ಹೋಗಿ ಒಲೆ ಹಚ್ಚಿದ್ದರು. ಷಡ್ಡಕರಿಬ್ಬರೂ ನಡೆದು ಹೋದೆವು. ಆ ಮಹಡಿಯನ್ನು ನಾನು ಅಂದೇ ಮೊದಲು ಹತ್ತಿದ್ದು. ಗೃಹಪ್ರವೇಶವಾಗಿ ವರ್ಷಗಳೇ ಕಳೆದಿದ್ದರೂ ಮಹಾಲಿಂಗಪ್ಪನವರು ನಿನ್ನೆ ಕಟ್ಟಿಸಿದವರ ಹಾಗೆ ಒಂದೊಂದು ಕೋಣೆಯ ದೀಪ ಹಾಕಿ, ಒಂದೊಂದು ಕಿಟಕಿ ತೆಗೆದು ಗಾಳಿ ಬರುವುದನ್ನು ತೋರಿಸಿದರು. ನಾನೂ ಹೊಸ ಮನೆ ನೋಡಲು ಬಂದ ನೆಂಟನ ಹಾಗೆ ಗೋಡೆ ತಟ್ಟಿ ನೋಡಿ, ಗಟ್ಟಿಯಾಗಿದೆ ಎಂದೆ. ಕೆಳಗಿನಿಂದ ಸಂಡಿಗೆ ಕರಿಯುವ ವಾಸನೆ ಬರುತ್ತಿತ್ತು. ಅವತ್ತು ಸರೋಜ ನನ್ನ ಎಲೆಗೆ ಕೇಳದೆಯೇ ಎರಡನೆಯ ಸಲ ಪಾಯಸ ಬಡಿಸಿದಳು. ನನ್ನ ಸಕ್ಕರೆ ಕಾಯಿಲೆಯ ಇತಿಹಾಸದಲ್ಲಿ ಅದೊಂದು ಅಪೂರ್ವ ಪ್ರಸಂಗ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡಾಗಿ ಒಂದಾದ ಆನೆಯ ಸುದ್ದಿ ಮೊಬೈಲುಗಳಲ್ಲಿ ಓಡಾಡಿ, ಕಂದಿಕೆರೆಯವರು ಕರೆದರು, ಆಮೇಲೆ ಹಂದನಕೆರೆಯವರು ಕರೆದರು. ಅಷ್ಟರಲ್ಲಿ ಹಟ್ಟಿಯ ಅಣ್ಣತಮ್ಮಂದಿರು ಗುಣವಾಗಿ ಬಂದಿದ್ದರು. ಆನೆಯನ್ನು ಅವರಿಗೆ ಒಪ್ಪಿಸಿಬಿಡಬೇಕೆಂದು ನಾವು ಉದಾರವಾಗಿ, ಆದರೆ ಒಳಗೊಳಗೇ ಅಳುಕಿಕೊಂಡು ಹೇಳಿದೆವು. ಹುಡುಗರಿಬ್ಬರೂ ಮುಖ ಮುಖ ನೋಡಿಕೊಂಡರು. “ನೀವೇ ಮಾಡಿ ಸಾರ್. ನಾವ್ ಮಾಡಿದ್ರೆ ಬರೀ ಆನೆ ಆಯ್ತದೆ,” ಎಂದ ಅಣ್ಣ. ನಾವು ಎರಡನೆಯ ಮಾತು ಆಡಲಿಲ್ಲ. ಗೂಡ್ಸ್ ಆಟೋದ ಹಿಂದೆ ಮಡಚಿದ ಆನೆಯನ್ನೂ ಮಕ್ಕಳನ್ನೂ ತುಂಬಿಕೊಂಡು, ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಹಾಡು ಹೇಳುತ್ತ ಹೋದೆವು.

ಹಂದನಕೆರೆಯ ಶಾಲೆಯಂಗಳದಲ್ಲಿ ನಾಟಕ ಮುಗಿದು ಇನ್ನೂ ಆನೆಯೊಳಗೇ ಇದ್ದೆವು. ಚಿಕ್ಕ ಮಕ್ಕಳು ಸುತ್ತ ಮುತ್ತಿಕೊಂಡು ಮೈ ಮುಟ್ಟಿ ನೋಡುತ್ತಿದ್ದರು; ಯಾರೋ ನನ್ನ ಬಾಲವನ್ನು ಎರಡು ಸಲ ಎಳೆದರು. ಅಂಗನವಾಡಿಗೆ ಹೋಗುವಷ್ಟು ಪುಟ್ಟದೊಂದು ಹುಡುಗಿ ಆನೆ ನಿಜವಾದದ್ದೇ ಎಂದು ತೀರ್ಮಾನಿಸಿದವಳಂತೆ ಮುಂದೆ ಬಂದು, ತನ್ನ ಕೈಯಲ್ಲಿದ್ದ ಬಾಳೆಹಣ್ಣನ್ನು ಸೊಂಡಿಲಿನ ಬಾಯಿಗೆ ಇಟ್ಟಳಂತೆ. ಅದು ನನಗೆ ಕಾಣಲಿಲ್ಲ. ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾದದ್ದು ಕೇಳಿಸಿತು. ಮಹಾಲಿಂಗಪ್ಪನವರು ಹಣ್ಣನ್ನು ಒಳಕ್ಕೆ ಎಳೆದುಕೊಂಡದ್ದು ಅವರ ತೋಳಿನ ಅಲುಗಾಟದಿಂದ ತಿಳಿಯಿತು. ಆನೆ ತಿಂದುಬಿಟ್ಟಿತು ಎಂಬ ಕೂಗು ಅಂಗಳ ತುಂಬಿತು. ನಾನು ಬೆನ್ನು ಬಗ್ಗಿಸಿಕೊಂಡು, ಎಡಗಾಲು ಎಂಬ ಅಪ್ಪಣೆಗಾಗಿ ಕಾಯುತ್ತಿದ್ದೆ. ಅಪ್ಪಣೆ ಬರಲಿಲ್ಲ. ಅದರ ಬದಲು ಆ ಬೂದು ಕತ್ತಲಲ್ಲಿ ಒಂದು ದಪ್ಪ ಕೈ ಹಿಂದಕ್ಕೆ ಬಂದು, ತಡಕಾಡಿ ನನ್ನ ಮುಖವನ್ನು ಹುಡುಕಿ, ಸಿಪ್ಪೆ ಸುಲಿದ ಅರ್ಧ ಬಾಳೆಹಣ್ಣನ್ನು ನನ್ನ ಬಾಯಿಗಿಟ್ಟಿತು.